ಸರ್ವರ್ ಕೈಕೊಟ್ಟ ದಿನ ಲೆಕ್ಕ ಕೈಲಿರಬೇಕು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಅಂಗಡಿ, ಕಚೇರಿ, ಸಂಘಗಳಿಂದ ಸರ್ವರ್ ಮತ್ತು ಬ್ಯಾಕಪ್ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಆರಿಸಿಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಉದ್ದವಾದವನ್ನು ಚುಟುಕು ಮಾಡಿದ್ದೇವೆ.

ಪ್ರಶ್ನೆ: ನಮ್ಮದು ಗೊಬ್ಬರ, ಬಿತ್ತನೆ ಬೀಜದ ಸಗಟು ಅಂಗಡಿ. ಒಂದು ಸರ್ವರ್‌ಗೆ ಆರು ಕಂಪ್ಯೂಟರ್ ಜೋಡಿಸಿದ್ದೇವೆ. ಲೆಕ್ಕಕ್ಕೆ ಟ್ಯಾಲಿ ಇದೆ, ಜೊತೆಗೆ ಎಸ್‌ಕ್ಯೂಎಲ್ ಸರ್ವರ್ ಮೇಲೆ ನಡೆಯುವ ಬಿಲ್ಲಿಂಗ್ ಸಾಫ್ಟ್‌ವೇರ್ ಇದೆ. ಎಲ್ಲ ಸೇರಿ 150 ಜಿಬಿ. ಸರ್ವರ್‌ನಲ್ಲಿ ಎರಡು ಹಾರ್ಡ್ ಡಿಸ್ಕ್ ಮಿರರ್ ಮಾಡಿದ್ದಾರೆ. "ಒಂದು ಹೋದರೆ ಇನ್ನೊಂದಿದೆ, ಬೇರೆ ಬ್ಯಾಕಪ್ ಬೇಡ" ಎಂದು ಹಾಕಿಕೊಟ್ಟವರು ಹೇಳಿದ್ದರು. ಹೌದೇ?
– ಹಾಸನದ ಓದುಗರು

ಉತ್ತರ: ಅಲ್ಲ. ಎರಡೂ ಡಿಸ್ಕಿಗೆ ಒಂದೇ ಡೇಟಾ ಬರೆಯುವ ಮಿರರ್ ಕಾಯುವುದು ಒಂದೇ ಒಂದು ಕಷ್ಟದಿಂದ: ಎರಡರಲ್ಲಿ ಒಂದು ಡಿಸ್ಕ್ ಕೆಟ್ಟರೆ ಅಂಗಡಿ ನಿಲ್ಲದಂತೆ ನೋಡಿಕೊಳ್ಳುತ್ತದೆ. ಯಾರೋ ತಪ್ಪಿ ಒಂದು ಕಂಪನಿಯನ್ನೇ ಅಳಿಸಿದರೆ ಎರಡೂ ಡಿಸ್ಕಿನಿಂದ ಅದೇ ಕ್ಷಣ ಅಳಿಯುತ್ತದೆ. ಸಿಡಿಲು ಬಡಿದರೆ, ಪವರ್ ಸಪ್ಲೈ ಸುಟ್ಟರೆ, ಪೆಟ್ಟಿಗೆಯನ್ನೇ ಕದ್ದೊಯ್ದರೆ ಎರಡೂ ಒಟ್ಟಿಗೆ ಹೋಗುತ್ತವೆ. ಇನ್ನೊಂದು ಸಂಗತಿ ಹಲವರ ಗಮನಕ್ಕೆ ಬಂದಿರುವುದಿಲ್ಲ. ಎರಡು ಡಿಸ್ಕ್‌ಗಳನ್ನೂ ಒಂದೇ ದಿನ ಕೊಂಡಿರುತ್ತೀರಿ, ಒಂದೇ ಬಿಸಿಯಲ್ಲಿ ಒಂದೇ ಕೆಲಸ ಮಾಡಿ ಸವೆದಿರುತ್ತವೆ. ಒಂದು ಕೆಟ್ಟು ಹೊಸದು ಹಾಕಿದಾಗ, ಉಳಿದ ಹಳೆಯ ಡಿಸ್ಕನ್ನು ಮೊದಲಿಂದ ಕೊನೆಯವರೆಗೆ ಓದಿ ಹೊಸದಕ್ಕೆ ಬರೆಯಬೇಕಾಗುತ್ತದೆ. ವರ್ಷಗಟ್ಟಲೆ ಯಾರೂ ಮುಟ್ಟದ ಜಾಗದಲ್ಲಿದ್ದ ದೋಷ ಹೊರಬೀಳುವುದು ಆಗಲೇ. ಮಿರರ್ ಇರಲಿ, ಬ್ಯಾಕಪ್ ಬೇರೆಯೇ ಇರಬೇಕು.

ಏನು ಕೊಳ್ಳಬೇಕು ಎನ್ನುವ ಮೊದಲು ಎರಡು ಲೆಕ್ಕ ಹಾಕಿ. ಎಷ್ಟು ಹೊತ್ತಿನ ಕೆಲಸ ಕಳೆದರೆ ಮತ್ತೆ ಕೂತು ಟೈಪ್ ಮಾಡಬಲ್ಲಿರಿ? ಎಷ್ಟು ಹೊತ್ತು ಅಂಗಡಿ ನಿಂತರೆ ತಡೆದುಕೊಳ್ಳಬಲ್ಲಿರಿ? ಬಿತ್ತನೆ ಕಾಲದಲ್ಲಿ ದಿನಕ್ಕೆ 300 ಬಿಲ್ ಎಂದಿಟ್ಟುಕೊಳ್ಳಿ. ರಾತ್ರಿ ಮಾತ್ರ ಬ್ಯಾಕಪ್ ಆಗುತ್ತಿದ್ದು ಸಂಜೆ ಸರ್ವರ್ ಸತ್ತರೆ, ಬಿಲ್ಲಿಗೆ 2 ನಿಮಿಷದಂತೆ 600 ನಿಮಿಷ, ಅಂದರೆ ಒಬ್ಬರಿಗೆ 10 ಗಂಟೆಯ ಕೆಲಸ. ಅದೂ ಕಾರ್ಬನ್ ಪ್ರತಿ ಕೈಲಿದ್ದರೆ. ಸಬ್ಸಿಡಿ ಗೊಬ್ಬರದ ಪಿಒಎಸ್ ಯಂತ್ರದ ಲೆಕ್ಕ ಸರ್ಕಾರದ ಸರ್ವರ್‌ನಲ್ಲಿ ಉಳಿದಿರುತ್ತದೆ, ನಿಜ. ಆದರೆ ನಿಮ್ಮ ಸಾಲದ ಖಾತೆ ಅಲ್ಲಿರುವುದಿಲ್ಲ.

ಹಾಗಾಗಿ ಎಸ್‌ಕ್ಯೂಎಲ್‌ಗೆ ರಾತ್ರಿ ಒಂದು ಪೂರ್ಣ ಬ್ಯಾಕಪ್, ಹಗಲಲ್ಲಿ ಅರ್ಧ ಗಂಟೆಗೊಮ್ಮೆ ಲಾಗ್ ಬ್ಯಾಕಪ್ (ಆಮೇಲಿನ ಬದಲಾವಣೆಗಳ ಪ್ರತಿ) ಇಡಿ. ಅವು ಸರ್ವರ್‌ನಲ್ಲೇ ಉಳಿಯದೆ ಬೇರೆ ಪೆಟ್ಟಿಗೆಗೆ ಹೋಗಬೇಕು. ಲಾಗ್ ಬ್ಯಾಕಪ್ ಬೇಕೆಂದರೆ ಡೇಟಾಬೇಸ್ 'ಫುಲ್' ರಿಕವರಿ ಮಾಡೆಲ್‌ನಲ್ಲಿರಬೇಕು. ಮಾಡೆಲ್ ಫುಲ್‌ಗೆ ಬದಲಿಸಿ ಲಾಗ್ ಬ್ಯಾಕಪ್ ಮರೆತರೆ ಲಾಗ್ ಕಡತ ಬೆಳೆಯುತ್ತಲೇ ಹೋಗಿ, ಡಿಸ್ಕ್ ತುಂಬಿದ ದಿನ ಬಿಲ್ಲಿಂಗ್ ನಿಲ್ಲುತ್ತದೆ. ನಿಮ್ಮದು ಉಚಿತ ಎಕ್ಸ್‌ಪ್ರೆಸ್ ಆವೃತ್ತಿಯಾದರೆ ಅದರಲ್ಲಿ ಎಸ್‌ಕ್ಯೂಎಲ್ ಏಜೆಂಟ್ (ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಭಾಗ) ಇಲ್ಲ, ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಿಂದಲೇ ಓಡಿಸಬೇಕು. ಬ್ಯಾಕಪ್ ಆಜ್ಞೆಯಲ್ಲಿ ಚೆಕ್‌ಸಮ್ ಆಯ್ಕೆ ಹಾಕಿ. ಡೇಟಾಬೇಸ್‌ನ ಪುಟ ಕೆಟ್ಟಿದ್ದರೆ ಬ್ಯಾಕಪ್ ವೇಳೆಯಲ್ಲೇ ಗೊತ್ತಾಗುತ್ತದೆ. ಡೇಟಾಬೇಸ್‌ನ ಎಂಡಿಎಫ್ ಕಡತವನ್ನು ಹಾಗೇ ಕಾಪಿ ಹೊಡೆಯುವ ಅಭ್ಯಾಸ ಬಿಡಿ. ಸರ್ವರ್ ಅದನ್ನು ತೆರೆದಿಟ್ಟುಕೊಂಡಿರುವಾಗ ಕಾಪಿಯೇ ಆಗುವುದಿಲ್ಲ, ಯಾವುದೋ ಉಪಾಯದಿಂದ ಆದರೂ ನಂಬುವಂತಿಲ್ಲ.

ಟ್ಯಾಲಿಗೆ, ಎಲ್ಲ ಆರು ಕಂಪ್ಯೂಟರ್‌ನವರೂ ಹೊರಬಂದ ಮೇಲೆ, ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಕೀಲಿ ಒತ್ತಿ ಡೇಟಾ ಮೆನುವಿನಿಂದ ಬ್ಯಾಕಪ್ ತೆಗೆಯಿರಿ. ಅಂಕಿಗಳ ಹೆಸರಿನ ಕಂಪನಿ ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿದರೂ ಸರಿ, ಆದರೆ ಒಬ್ಬರೂ ಒಳಗಿರಬಾರದು. ವೋಚರ್ ಉಳಿಸುತ್ತಿರುವಾಗ ತೆಗೆದ ಪ್ರತಿ ಅರ್ಧಂಬರ್ಧ ಆಗಿರುತ್ತದೆ. ಇಲ್ಲಿ ದೊಡ್ಡ ಅಪಾಯವಿರುವುದು ರಿಸ್ಟೋರ್ ಮಾಡುವಾಗ. ಈಗಿನ ಡೇಟಾ ಇರುವ ಫೋಲ್ಡರಿಗೇ ರಿಸ್ಟೋರ್ ಕೊಟ್ಟರೆ ಹಳೆಯದು ಬಂದು ಹೊಸದರ ಮೇಲೆ ಕೂರುತ್ತದೆ. ಹಳೆಯ ಒಂದು ಬಿಲ್ ನೋಡಲು ಹೋಗಿ ವಾರದ ಲೆಕ್ಕ ಕಳೆದುಕೊಳ್ಳುವುದು ಹೀಗೆಯೇ. ಯಾವಾಗಲೂ ಹೊಸ, ಖಾಲಿ ಫೋಲ್ಡರ್ ಮಾಡಿ ಅಲ್ಲಿಗೇ ರಿಸ್ಟೋರ್ ಮಾಡಿ.

ವಾರಕ್ಕೊಮ್ಮೆ ಇಡೀ ಯಂತ್ರದ ಇಮೇಜ್, ಅಂದರೆ ವಿಂಡೋಸ್ ಸಮೇತ ಪೂರ್ತಿ ಪ್ರತಿ, ಬೇಕು. ವಿಂಡೋಸ್ ಸರ್ವರ್ ಬ್ಯಾಕಪ್ ಸಾಕು; ವೀಮ್ ಏಜೆಂಟ್‌ನ ಉಚಿತ ಆವೃತ್ತಿಯೂ ಆಗುತ್ತದೆ. ಬೂಟ್ ಆಗುವ ರಿಕವರಿ ಪೆನ್‌ಡ್ರೈವ್ ಮಾಡಿ, ಅದರಿಂದ ಸರ್ವರನ್ನು ಒಮ್ಮೆ ಎಬ್ಬಿಸಿ ನೋಡಿ. ಡಿಸ್ಕ್‌ಗಳು ಅದಕ್ಕೆ ಕಾಣದಿದ್ದರೆ, ಡಿಸ್ಕ್ ಮಿರರ್ ಮಾಡುವ ರೇಯ್ಡ್ ಕಂಟ್ರೋಲರ್‌ನ ಡ್ರೈವರ್ ಸೇರಿಸಬೇಕೆಂದು ಅರ್ಥ. ಇಮೇಜ್ ಇಲ್ಲದಿದ್ದರೆ ಡೇಟಾ ಕೈಲಿದ್ದೂ ವಿಂಡೋಸ್, ಎಸ್‌ಕ್ಯೂಎಲ್, ಪ್ರಿಂಟರ್, ಲೈಸೆನ್ಸ್ ಎಂದು ದಿನವೆರಡು ದಿನ ಹೋಗುತ್ತದೆ.

150 ಜಿಬಿಗೆ 2 ಟಿಬಿಯ ಮೂರು ಯುಎಸ್‌ಬಿ ಹಾರ್ಡ್ ಡಿಸ್ಕ್ ಕೊಳ್ಳಿ. ಅವುಗಳಲ್ಲಿ ಎರಡನ್ನು ದಿನ ಬಿಟ್ಟು ದಿನ ಬದಲಾಯಿಸಿ ಸಿಕ್ಕಿಸಿ, ಮೂರನೆಯದು ತಿಂಗಳಿಗೊಮ್ಮೆ ತುಂಬಿ ಮನೆಯ ಬೀರುವಿನಲ್ಲಿರಲಿ. ಒಂದು ನೋಟ್‌ಬುಕ್ಕೂ ಬೇಕು, ಕಾಗದದ್ದು. ಟ್ಯಾಲಿ ಸೀರಿಯಲ್ ನಂಬರ್, ಅದಕ್ಕೆ ಕೊಟ್ಟ ಇಮೇಲ್, ಎಸ್‌ಕ್ಯೂಎಲ್ ಆವೃತ್ತಿ ಮತ್ತು ಇನ್‌ಸ್ಟೆನ್ಸ್ ಹೆಸರು, ಪಾಸ್‌ವರ್ಡ್‌ಗಳು, ಪ್ರತಿ ಕಂಪ್ಯೂಟರಿನ ಐಪಿ ವಿಳಾಸ, ಯಾವ ಡಿಸ್ಕ್ ಯಾವ ಸ್ಲಾಟ್‌ನಲ್ಲಿದೆ ಎಂಬುದು, ಎಲ್ಲವನ್ನೂ ಬರೆದು ಅದನ್ನೂ ಅದೇ ಬೀರುವಿನಲ್ಲಿಡಿ. ಸರ್ವರ್ ಒಳಗಿನ ಎಕ್ಸೆಲ್ ಕಡತದಲ್ಲಿಟ್ಟ ಪಾಸ್‌ವರ್ಡ್ ಸರ್ವರ್ ಸತ್ತ ದಿನ ಉಪಯೋಗಕ್ಕೆ ಬರುವುದಿಲ್ಲ.

ಪ್ರಶ್ನೆ: ಕಾಫಿ ವ್ಯಾಪಾರ ನಮ್ಮದು. ಸರ್ವರ್‌ಗೆ ಯುಎಸ್‌ಬಿ ಹಾರ್ಡ್ ಡಿಸ್ಕ್ ಸದಾ ಸಿಕ್ಕಿಸಿಯೇ ಇರುತ್ತದೆ, ರಾತ್ರಿ 11ಕ್ಕೆ ತಾನಾಗಿ ಬ್ಯಾಕಪ್ ಆಗುತ್ತದೆ. ರ್‍ಯಾನ್ಸಮ್‌ವೇರ್ ಬಂದರೆ ಬ್ಯಾಕಪ್ ಕೂಡ ಲಾಕ್ ಆಗುತ್ತದೆ ಎನ್ನುತ್ತಾರೆ. ನಿಜವೇ? ತೋಟದಲ್ಲಿ ಕೂತು ಲೆಕ್ಕ ನೋಡಲು ರಿಮೋಟ್ ಡೆಸ್ಕ್‌ಟಾಪ್ ಇಟ್ಟುಕೊಂಡಿದ್ದೇವೆ.
– ಚಿಕ್ಕಮಗಳೂರಿನ ಓದುಗರು

ಉತ್ತರ: ನಿಜ. ಕಡತಗಳನ್ನು ಲಾಕ್ ಮಾಡಿ ಹಣ ಕೇಳುವ ಈ ವೈರಸ್ ಎಲ್ಲೆಲ್ಲಿ ಬರೆಯಬಲ್ಲದೋ ಅಲ್ಲೆಲ್ಲ ಲಾಕ್ ಮಾಡುತ್ತದೆ: ಸಿಕ್ಕಿಸಿದ ಯುಎಸ್‌ಬಿ, ಪಕ್ಕದ ಕಂಪ್ಯೂಟರಿನ ಶೇರ್ ಫೋಲ್ಡರ್, ಎಲ್ಲ. ಅದಕ್ಕೂ ಮೊದಲು ವಿಂಡೋಸ್ ತಾನೇ ಇಟ್ಟುಕೊಂಡ ಶ್ಯಾಡೋ ಕಾಪಿಗಳನ್ನು ಅಳಿಸುತ್ತದೆ. ಮೇಲಾಗಿ, ಒಳನುಗ್ಗಿದವರು ಅಂದೇ ಕೆಲಸ ಮುಗಿಸುವುದಿಲ್ಲ. ದಿನಗಟ್ಟಲೆ ಒಳಗಿದ್ದು ಬ್ಯಾಕಪ್ ಎಲ್ಲಿದೆ ಎಂದು ನೋಡಿಕೊಂಡು, ಯಾರೂ ಇಲ್ಲದ ರಾತ್ರಿಯೋ ಭಾನುವಾರವೋ ಲಾಕ್ ಮಾಡುತ್ತಾರೆ.

ನಿಮ್ಮ ಪತ್ರದ ಕೊನೆಯ ಸಾಲು ನಮಗೆ ಹೆಚ್ಚು ಆತಂಕ ತಂದಿದೆ. ರೌಟರ್‌ನಲ್ಲಿ 3389 ಪೋರ್ಟ್ ತೆರೆದು ರಿಮೋಟ್ ಡೆಸ್ಕ್‌ಟಾಪ್ ಕೊಟ್ಟಿದ್ದರೆ ಇಂದೇ ಮುಚ್ಚಿಸಿ. ಅಂಥ ತೆರೆದ ಪೋರ್ಟ್‌ಗಳನ್ನು ಹುಡುಕಿ ಪಾಸ್‌ವರ್ಡ್ ಊಹಿಸುತ್ತ ಹೋಗುವ ಯಂತ್ರಗಳು ಇಂಟರ್ನೆಟ್‌ನಲ್ಲಿ ಹಗಲಿರುಳೂ ಓಡುತ್ತಿರುತ್ತವೆ. ಪೋರ್ಟ್ ಸಂಖ್ಯೆ ಬದಲಿಸಿದರೆ ತಪ್ಪಿಸಿಕೊಳ್ಳಲಾಗದು. ಮೊದಲು ವಿಪಿಎನ್ ಎಂಬ ಖಾಸಗಿ, ಸುರಕ್ಷಿತ ಸಂಪರ್ಕದ ಮೂಲಕ ಒಳಬಂದು, ಆಮೇಲೆ ರಿಮೋಟ್ ಡೆಸ್ಕ್‌ಟಾಪ್ ತೆರೆಯುವಂತಾಗಬೇಕು, ಒಟಿಪಿ ಥರದ ಎರಡನೇ ಬೀಗವೂ ಇರಬೇಕು. ಹಿಂದೆಂದೋ ರಿಪೇರಿಗೆ ಬಂದವರು ಶಾಶ್ವತ ಪಾಸ್‌ವರ್ಡ್ ಇಟ್ಟುಹೋದ ರಿಮೋಟ್ ಸಾಫ್ಟ್‌ವೇರ್ ಇದ್ದರೆ ತೆಗೆಸಿ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಸರ್ವರ್‌ಗೆ ಬೇಡವೇ ಬೇಡ.

ಬ್ಯಾಕಪ್ ವಿಷಯದಲ್ಲಿ ಒಂದೇ ನಿಯಮ: ಯಾವ ಹೊತ್ತಿನಲ್ಲಾದರೂ ಒಂದು ಪ್ರತಿ ತಂತಿಯಿಂದ ಬಿಡಿಸಿ ಇಟ್ಟಿರಬೇಕು. ಎರಡು ಡಿಸ್ಕ್ ಇಟ್ಟುಕೊಂಡು, ಬೆಳಿಗ್ಗೆ ಬಾಗಿಲು ತೆರೆಯುವವರು ನಿನ್ನೆಯದನ್ನು 'ಸೇಫ್ಲಿ ರಿಮೂವ್' ಕೊಟ್ಟು ಬಿಚ್ಚಿ, ಇನ್ನೊಂದನ್ನು ಸಿಕ್ಕಿಸಲಿ. ಇಲ್ಲಿ ಎಡವುವುದು ಡ್ರೈವ್ ಅಕ್ಷರದಲ್ಲಿ. ಮೊದಲ ಡಿಸ್ಕ್ ಎಫ್ ಎಂದೂ ಎರಡನೆಯದು ಜಿ ಎಂದೂ ಬಂದರೆ, ಒಂದು ದಿನ ಬಿಟ್ಟು ಒಂದು ದಿನ ಬ್ಯಾಕಪ್ ಸದ್ದಿಲ್ಲದೆ ತಪ್ಪುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಒಂದೊಂದಾಗಿ ಸಿಕ್ಕಿಸಿ ಎರಡಕ್ಕೂ ಒಂದೇ ಅಕ್ಷರ ಕೊಡಿ.

ಎನ್‌ಎಎಸ್ ಪೆಟ್ಟಿಗೆ (ನೆಟ್‌ವರ್ಕಿಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ಕೊಳ್ಳುವುದಾದರೆ, ಸರ್ವರ್ ಅದಕ್ಕೆ ಬರೆಯುವ ಬದಲು ಆ ಪೆಟ್ಟಿಗೆ ತಾನೇ ಸರ್ವರ್‌ನಿಂದ ಡೇಟಾ ಎಳೆದುಕೊಳ್ಳುವಂತೆ ಹೊಂದಿಸಿ. ಆಗ ಸರ್ವರ್ ಹತ್ತಿರ ಎನ್‌ಎಎಸ್‌ನ ಪಾಸ್‌ವರ್ಡೇ ಇರುವುದಿಲ್ಲ. ಕ್ಲೌಡ್ ಆದರೆ ಆಬ್ಜೆಕ್ಟ್ ಲಾಕ್ ಇರುವುದನ್ನು ಆರಿಸಿ 30 ದಿನದ ಅವಧಿ ಹಾಕಿ; ಆ ಅವಧಿಯಲ್ಲಿ ನಿಮ್ಮ ಪಾಸ್‌ವರ್ಡ್ ಕದ್ದವರಿಗೂ ಅಳಿಸಲಾಗದಂಥ ಕಟ್ಟುನಿಟ್ಟಿನ ಬಗೆಯದಾಗಿರಲಿ. ಗೂಗಲ್ ಡ್ರೈವ್, ಒನ್‌ಡ್ರೈವ್ ಸಿಂಕ್‌ಗಳನ್ನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯಬೇಡಿ. ಇಲ್ಲಿ ಲಾಕ್ ಆದ ಕಡತ ಅಲ್ಲಿಗೂ ಲಾಕ್ ಆಗಿಯೇ ಹೋಗುತ್ತದೆ.

ಹಳೆಯ ಪ್ರತಿಗಳನ್ನು ಉಳಿಸುವುದೂ ಇದೇ ಕಾರಣಕ್ಕೆ. ದಿನದವು 7, ವಾರದವು 4, ತಿಂಗಳವು 12 ಇರಲಿ. ಕಳ್ಳ ಒಳಬಂದು ಮೂರು ವಾರವಾಗಿದ್ದರೆ ನಿನ್ನೆಯ ಇಮೇಜ್‌ನಲ್ಲಿ ಅವನೂ ಇರುತ್ತಾನೆ. ವಿಂಡೋಸನ್ನು ಹೊಸದಾಗಿ ಹಾಕಿ, ಡೇಟಾ ಮಾತ್ರ ಇತ್ತೀಚಿನ ಪ್ರತಿಯಿಂದ ತರಬೇಕಾಗುತ್ತದೆ.

ಆಗಿಯೇ ಹೋದರೆ: ಮೊದಲು ನೆಟ್‌ವರ್ಕ್ ಕೇಬಲ್ ಕೀಳಿ, ವೈಫೈ ಆರಿಸಿ. ಗಾಬರಿಯಲ್ಲಿ ಒಳ್ಳೆಯ ಬ್ಯಾಕಪ್ ಡಿಸ್ಕನ್ನು ಆ ಯಂತ್ರಕ್ಕೆ ಸಿಕ್ಕಿಸಬೇಡಿ. ಉಳಿದದ್ದೂ ಹೋಗುವುದು ಆಗಲೇ. ತೆರೆಯ ಮೇಲಿನ ಬೆದರಿಕೆ ಪತ್ರದ ಫೋಟೋ ತೆಗೆದು 1930ಕ್ಕೆ ಕರೆ ಮಾಡಿ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ. ಇಂಥ ದಾಳಿಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸಿಇಆರ್‌ಟಿ–ಇನ್‌ಗೆ ತಿಳಿಸಬೇಕೆಂದು 2022ರ ಏಪ್ರಿಲ್‌ನ ನಿರ್ದೇಶನವಿದೆ. ನೋ ಮೋರ್ ರ್‍ಯಾನ್ಸಮ್ ಜಾಲತಾಣದಲ್ಲಿ ಕೆಲವು ಬಗೆಯ ಲಾಕ್‌ಗಳಿಗೆ ಉಚಿತ ಕೀಲಿಗಳಿವೆ, ನೋಡಿ. ಹಣ ಕೊಟ್ಟವರಿಗೆಲ್ಲ ಡೇಟಾ ಮರಳಿ ಬರುತ್ತದೆಂಬ ಖಾತರಿಯಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಎರಡು ಮೂರು ದಿನ ಇರುವುದಿಲ್ಲ. ಮರ ಬಿದ್ದು ಫೈಬರ್ ತುಂಡಾಗುತ್ತದೆ. ಇರುವ ನೆಟ್ ಡೌನ್‌ಲೋಡ್ 20, ಅಪ್‌ಲೋಡ್ 5 ಎಂಬಿಪಿಎಸ್. ಡೇಟಾ 200 ಜಿಬಿ. ಕ್ಲೌಡ್ ಬ್ಯಾಕಪ್ ನಮಗೆ ಹೊಂದುತ್ತದೆಯೇ? ಡಿಸ್ಕ್‌ಗಳಿಗೆ ಬೂಷ್ಟು ಹಿಡಿಯುವ ಭಯವೂ ಇದೆ.
– ಕೊಪ್ಪದ ಓದುಗರು

ಉತ್ತರ: ಹೊಂದುತ್ತದೆ, ಆದರೆ ಮೊದಲ ಸಾಲಿನ ರಕ್ಷಣೆಯಾಗಿ ಅಲ್ಲ. 5 ಎಂಬಿಪಿಎಸ್ ಎಂದರೆ ಗಂಟೆಗೆ ಹೆಚ್ಚೆಂದರೆ 2.25 ಜಿಬಿ. 200 ಜಿಬಿ ಮೇಲೇರಲು 89 ಗಂಟೆ, ಹತ್ತಿರ ಹತ್ತಿರ ನಾಲ್ಕು ಹಗಲು ನಾಲ್ಕು ರಾತ್ರಿ. ಆ ಮೊದಲ ಪೂರ್ಣ ಪ್ರತಿಯನ್ನು ಫೆಬ್ರವರಿ, ಮಾರ್ಚ್‌ನ ಒಣ ದಿನಗಳಲ್ಲೇ ಕಳಿಸಿಬಿಡಿ. ಆಮೇಲೆ ದಿನಕ್ಕೆ 1 ಜಿಬಿ ಬದಲಾದರೆ ಅರ್ಧ ಗಂಟೆ ಸಾಕು. ಆದರೆ ವಾಪಸ್ ಇಳಿಸಲು 20 ಎಂಬಿಪಿಎಸ್‌ನಲ್ಲಿ 22 ಗಂಟೆ ಬೇಕು, ಅದೂ ನೆಟ್ ಇದ್ದರೆ. ಅದೇ 200 ಜಿಬಿ ಯುಎಸ್‌ಬಿ 3 ಡಿಸ್ಕಿನಿಂದ ಒಂದು ಗಂಟೆಯೊಳಗೆ ಬರುತ್ತದೆ. ಸರ್ವರ್ ಕೆಟ್ಟರೆ ಕೈಯಳತೆಯ ಡಿಸ್ಕ್, ಕಟ್ಟಡವೇ ಹೋದರೆ ಕ್ಲೌಡ್.

ಇವೆರಡರ ನಡುವೆ ಇನ್ನೊಂದು ಡಿಸ್ಕನ್ನು ವಾರಕ್ಕೊಮ್ಮೆ ಬೇರೆ ಊರಿನಲ್ಲಿಡಿ. ನೆಂಟರು ಮಂಗಳೂರಲ್ಲಿದ್ದಾರೆಂದು ಘಟ್ಟದ ಕೆಳಗೆ ಕಳಿಸಬೇಡಿ. ನಿಮಗೆ ಡಿಸ್ಕ್ ಬೇಕಾಗುವುದು ಜೋರು ಮಳೆಯಲ್ಲಿ, ಘಾಟಿ ರಸ್ತೆ ಮುಚ್ಚುವುದೂ ಅದೇ ಮಳೆಯಲ್ಲಿ. ಚಿಕ್ಕಮಗಳೂರಿನಲ್ಲೋ ಹಾಸನದಲ್ಲೋ ಇಡುವುದು ಮೇಲು. ಹೊರಗೆ ಹೋಗುವ ಡಿಸ್ಕ್‌ಗೆ ವಿಂಡೋಸ್‌ನ ಬಿಟ್‌ಲಾಕರ್ ಬೀಗ ಹಾಕಿ, ಅದರ 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬೇರೆ ಕಡೆ ಇಡಿ.

ಕರೆಂಟ್ ವಿಷಯ. ಯುಪಿಎಸ್ ಇರುವುದು ಸರ್ವರನ್ನು ಗಂಟೆಗಟ್ಟಲೆ ಓಡಿಸಲು ಅಲ್ಲ, ನೆಟ್ಟಗೆ ಮಲಗಿಸಲು. ಅದರ ಹಿಂದಿರುವ ಯುಎಸ್‌ಬಿ ಪೋರ್ಟಿನಿಂದ ಸರ್ವರ್‌ಗೆ ಕೇಬಲ್ ಹಾಕಿ, ಬ್ಯಾಟರಿ ಮೇಲೆ 5 ನಿಮಿಷವಾದರೆ ತಾನೇ ಶಟ್‌ಡೌನ್ ಆಗುವಂತೆ ಹೊಂದಿಸಿ. ಪೆಟ್ಟಿಗೆಯಲ್ಲಿ ಬಂದ ಆ ಕೇಬಲ್ ಎಷ್ಟೋ ಕಡೆ ಪ್ಲಾಸ್ಟಿಕ್ ಕವರಿನಲ್ಲೇ ಉಳಿದಿರುತ್ತದೆ. ಬ್ಯಾಟರಿಯನ್ನು ಮೂರು ವರ್ಷದ ಆಸುಪಾಸಿನಲ್ಲಿ ಬದಲಿಸಿ, ಮಳೆ ಹಿಡಿಯುವ ಮೊದಲು, ಅಂಗಡಿ ಮುಚ್ಚಿದ ಮೇಲೆ, ಒಮ್ಮೆ ಮೇನ್ಸ್ ಆರಿಸಿ ಸರ್ವರ್ ತಾನೇ ಮಲಗುತ್ತದೆಯೇ ನೋಡಿ.

ಏಪ್ರಿಲ್, ಮೇ ತಿಂಗಳ ಸಿಡಿಲು ಕರೆಂಟಿನ ತಂತಿಯಿಂದ ಮಾತ್ರ ಬರುವುದಿಲ್ಲ. ಕಚೇರಿಯಿಂದ ಗೋದಾಮಿಗೆ ಎಳೆದ ತಾಮ್ರದ ಲ್ಯಾನ್ ಕೇಬಲ್ ಅದಕ್ಕೆ ರಾಜಮಾರ್ಗ. ಎರಡು ಕಟ್ಟಡದ ಅರ್ತಿಂಗ್ ಬೇರೆಯಾಗಿದ್ದು, ಸಿಡಿಲಿನ ಹೊತ್ತಿಗೆ ಅವುಗಳ ನಡುವಿನ ವೋಲ್ಟೇಜ್ ವ್ಯತ್ಯಾಸ ಸ್ವಿಚ್ಚಿನ ಮೂಲಕ ಹರಿಯುತ್ತದೆ. ಅಲ್ಲಿ ಫೈಬರ್ ಎಳೆದು ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ ಹಾಕಿಸಿ, ಮೇನ್ ಬೋರ್ಡಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಗುಡುಗು ಶುರುವಾದರೆ ಬ್ಯಾಕಪ್ ಡಿಸ್ಕ್ ಬಿಚ್ಚಿ.

ತೇವಕ್ಕೆ, ಗಾಳಿಯಾಡದ ಮುಚ್ಚಳದ ಡಬ್ಬಿಯಲ್ಲಿ ಡಿಸ್ಕ್ ಜೊತೆ ಬಣ್ಣ ಬದಲಿಸುವ ಸಿಲಿಕಾ ಜೆಲ್ ಪೊಟ್ಟಣ ಇಡಿ. ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ತಣ್ಣಗಿನ ಜಾಗದಿಂದ ತಂದ ಡಿಸ್ಕನ್ನು ಕೂಡಲೇ ಸಿಕ್ಕಿಸದೆ ಕೋಣೆಯ ಬಿಸಿಗೆ ಒಗ್ಗಲು ಬಿಡಿ. ಡಿಸ್ಕ್ ನೀರಿನಲ್ಲಿ ಮುಳುಗಿದ್ದರೆ ಕರೆಂಟ್ ಕೊಡಬೇಡಿ, ಬಿಸಿಗಾಳಿ ಹಿಡಿಯಬೇಡಿ. ಒಳಗಿನ ಕೆಸರು ಒಣಗಿ ಪ್ಲೇಟಿಗೆ ಅಂಟುತ್ತದೆ. ಒದ್ದೆಯಾಗಿಯೇ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಡೇಟಾ ರಿಕವರಿ ಮಾಡುವವರಿಗೆ ಕಳಿಸಿ.

ಪ್ರಶ್ನೆ: ನಮ್ಮ ಸಹಕಾರ ಸಂಘದ ಸರ್ವರ್ ಬದಲಿಸಿ ಬ್ಯಾಕಪ್‌ನಿಂದ ರಿಸ್ಟೋರ್ ಮಾಡಿದೆವು. ಮೈಎಸ್‌ಕ್ಯೂಎಲ್‌ನಲ್ಲಿದ್ದ ಸದಸ್ಯರ ಕನ್ನಡ ಹೆಸರುಗಳೆಲ್ಲ ???? ಎಂದು ಬರುತ್ತಿವೆ. ಹಳೆಯ ವರ್ಡ್ ಪತ್ರಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿವೆ. ಡೇಟಾ ಹೋಯಿತೇ?
– ಸಕಲೇಶಪುರದ ಓದುಗರು

ಉತ್ತರ: ಇವು ಎರಡು ಬೇರೆ ಕಾಯಿಲೆ. ವರ್ಡ್ ಪತ್ರಗಳು ಕ್ಷೇಮವಾಗಿವೆ. ಅವನ್ನು ನುಡಿ ಅಥವಾ ಬರಹದ ಹಳೆಯ, ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ, ಹೊಸ ಯಂತ್ರದಲ್ಲಿ ಆ ಫಾಂಟ್ ಇಲ್ಲ. ಫಾಂಟ್ ಹಾಕಿದರೆ ಕನ್ನಡ ಮರಳುತ್ತದೆ. ಇನ್ನು ಮುಂದೆ ಫಾಂಟ್‌ಗಳನ್ನೂ ಬ್ಯಾಕಪ್‌ಗೆ ಸೇರಿಸಿ, ಬಿಡುವಾದಾಗ ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಪ್ರಶ್ನಾರ್ಥಕ ಚಿಹ್ನೆಯದು ಗಂಭೀರ. ಟೇಬಲ್ಲೋ ಸಂಪರ್ಕವೋ ಲ್ಯಾಟಿನ್1 ಅಕ್ಷರ ಸಮೂಹದಲ್ಲಿದ್ದಾಗ ಕನ್ನಡ ಅಕ್ಷರಕ್ಕೆ ಅಲ್ಲಿ ಜಾಗವೇ ಇಲ್ಲ, ಪ್ರತಿಯೊಂದರ ಬದಲಿಗೆ ? ಕೂರುತ್ತದೆ. ಹಾಗೆ ಉಳಿಸಿದ ಮೇಲೆ ಅದರಿಂದ ಹೆಸರು ಮರಳಿ ಬಾರದು. ಹಾಗಾಗಿ ಹಳೆಯ ಸರ್ವರನ್ನು ಯಾರೂ ಫಾರ್ಮ್ಯಾಟ್ ಮಾಡದಂತೆ ಮೊದಲು ನೋಡಿಕೊಳ್ಳಿ. ಡಂಪ್ ಕಡತದ (ಡೇಟಾಬೇಸ್‌ನಿಂದ ಹೊರತೆಗೆದ ಬ್ಯಾಕಪ್ ಕಡತದ) ಒಂದು ಪ್ರತಿ ಮಾಡಿಕೊಂಡು ಎಡಿಟರ್‌ನಲ್ಲಿ ತೆರೆದು ನೋಡಿ. ಅಲ್ಲಿ ಕನ್ನಡ ಕಂಡರೆ, ಡೇಟಾಬೇಸನ್ನು ಕನ್ನಡಕ್ಕೂ ಜಾಗವಿರುವ ಅಕ್ಷರ ಸಮೂಹವಾದ ಯುಟಿಎಫ್8ಎಂಬಿ4ರಲ್ಲಿ ಹೊಸದಾಗಿ ಮಾಡಿ, ಸಂಪರ್ಕಕ್ಕೂ ಅದನ್ನೇ ಹೇಳಿ ಮತ್ತೆ ತುಂಬಿ. ಡಂಪ್‌ನಲ್ಲೇ ???? ಇದ್ದರೆ ಹಳೆಯ ಸರ್ವರ್‌ನಿಂದ ಯುಟಿಎಫ್8ಎಂಬಿ4 ಎಂದು ನಮೂದಿಸಿ ಹೊಸ ಡಂಪ್ ತೆಗೆಯಿರಿ. ಸಿಂಗಲ್ ಟ್ರಾನ್ಸಾಕ್ಷನ್, ರುಟೀನ್ಸ್, ಇವೆಂಟ್ಸ್ ಆಯ್ಕೆಗಳನ್ನೂ ಸೇರಿಸಿ. ವಿಂಡೋಸ್ ಪವರ್‌ಶೆಲ್‌ನಲ್ಲಿ ಬಾಣದ ಚಿಹ್ನೆಯಿಂದ ಕಡತಕ್ಕೆ ತಿರುಗಿಸಿದರೆ ಅದು ಯುಟಿಎಫ್16 ಆಗಿಬಿಡುತ್ತದೆ, ಮೈಎಸ್‌ಕ್ಯೂಎಲ್ ಅದನ್ನು ಓದಿಕೊಳ್ಳದು. 'ರಿಸಲ್ಟ್ ಫೈಲ್' ಆಯ್ಕೆ ಬಳಸಿ.

ಪ್ರಶ್ನೆ: ಸರ್ವರ್ ಮರುಚಾಲನೆ ಮಾಡಿದಾಗ 'ಫಾರಿನ್ ಕಾನ್ಫಿಗರೇಷನ್' ಎಂದು ಬಂದು ನಿಂತಿದೆ. ಬೀಪ್ ಶಬ್ದವೂ ಬರುತ್ತಿದೆ. ಏನು ಒತ್ತಬೇಕು?
– ಅರಸೀಕೆರೆಯ ಓದುಗರು

ಉತ್ತರ: ಸದ್ಯಕ್ಕೆ ಏನನ್ನೂ ಒತ್ತಬೇಡಿ, ತೆರೆಯ ಫೋಟೋ ತೆಗೆದುಕೊಳ್ಳಿ. ಡಿಸ್ಕಿನ ಮೇಲಿರುವ ರೇಯ್ಡ್ ಗುರುತು ಕಂಟ್ರೋಲರ್‌ನ ನೆನಪಿಗೆ ತಾಳೆಯಾಗುತ್ತಿಲ್ಲ ಎಂದು ಅದರ ಅರ್ಥ. 'ಕ್ಲಿಯರ್' ಒತ್ತಿದರೆ ಆ ಗುರುತು ಅಳಿಯುತ್ತದೆ, 'ಇನಿಷಿಯಲೈಸ್' ಒತ್ತಿದರೆ ಡೇಟಾವೇ ಹೋಗುತ್ತದೆ. ಕಾರ್ಡೋ ಬೋರ್ಡೋ ಬದಲಾಗಿದ್ದು ಎಲ್ಲ ಡಿಸ್ಕ್ ಸರಿಯಿದ್ದರೆ 'ಇಂಪೋರ್ಟ್' ಸರಿಯಾದ ದಾರಿ. ಆದರೆ ಒಂದು ಡಿಸ್ಕ್ ತಿಂಗಳುಗಳ ಹಿಂದೆಯೇ ಹೊರಬಿದ್ದು ಈಗ ಮತ್ತೆ ಎದ್ದಿದ್ದರೆ, ಇಂಪೋರ್ಟ್‌ನಿಂದ ಹಳೆಯ ಡೇಟಾ ಮೇಲೆ ಬರುವ ಅಪಾಯವಿದೆ. ಬ್ಯಾಕಪ್ ಇಲ್ಲವೆಂದಾದರೆ ತಿಳಿದವರು ಬರುವ ತನಕ ಯಂತ್ರ ಆರಿಸಿಡಿ. ಡಿಸ್ಕ್ ಟಿಕ್ ಟಿಕ್ ಎನ್ನುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ, ಚೆಕ್‌ಡಿಸ್ಕ್ ಓಡಿಸಲೇಬೇಡಿ. ಸಾಯುತ್ತಿರುವ ಡಿಸ್ಕಿನ ಮೇಲೆ ಅದು ಬರೆಯಲು ಹೋಗುತ್ತದೆ. ಬಿಚ್ಚುವ ಮೊದಲು ಪ್ರತಿ ಡಿಸ್ಕಿಗೂ ಸ್ಲಾಟ್ ಸಂಖ್ಯೆಯ ಚೀಟಿ ಅಂಟಿಸಿ.

ಪ್ರಶ್ನೆ: ದಿನವೂ ಬ್ಯಾಕಪ್ ಭಾರತದೊಳಗಿನ ಸರ್ವರ್‌ನಲ್ಲೇ ಇರಬೇಕು ಎಂದು ಆಡಿಟರ್ ಹೇಳುತ್ತಾರೆ. ಕಾನೂನೇ? ಮತ್ತೆ, ನಮ್ಮ ಸಾಫ್ಟ್‌ವೇರ್ ದಿನಾ 'ಸಕ್ಸಸ್' ತೋರಿಸುತ್ತದೆ. ಅಷ್ಟು ಸಾಕಲ್ಲವೇ?
– ಬೇಲೂರಿನ ಓದುಗರು

ಉತ್ತರ: ನೀವು ಕಂಪನಿ ಕಾಯ್ದೆಯಡಿ ನೋಂದಾಯಿತರಾದರೆ ಹೌದು. 2022ರ ಆಗಸ್ಟ್‌ನ ತಿದ್ದುಪಡಿಯಿಂದ ಲೆಕ್ಕಪುಸ್ತಕಗಳ ಬ್ಯಾಕಪ್ ಪ್ರತಿದಿನ, ಭಾರತದಲ್ಲಿರುವ ಸರ್ವರ್‌ನಲ್ಲಿ ಇರಬೇಕು. ಆ ಲೆಕ್ಕ 8 ವರ್ಷ ಉಳಿಯಬೇಕು. ಸ್ವಂತ ಅಥವಾ ಪಾಲುದಾರಿಕೆ ವ್ಯಾಪಾರಕ್ಕೆ ಈ ನಿಯಮವಿಲ್ಲ, ಆದರೆ ಜಿಎಸ್‌ಟಿ ಲೆಕ್ಕವನ್ನು ವಾರ್ಷಿಕ ರಿಟರ್ನ್‌ನ ಕೊನೆ ದಿನಾಂಕದಿಂದ 72 ತಿಂಗಳು ಇಡಬೇಕು. ಆದ್ದರಿಂದ ಪ್ರತಿ ಮಾರ್ಚ್ 31ರ ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ, ಆಗಿನ ಸಾಫ್ಟ್‌ವೇರ್‌ನ ಇನ್‌ಸ್ಟಾಲರ್ ಸಮೇತ ಇಡಿ. ಪೆನ್‌ಡ್ರೈವ್, ಎಸ್‌ಎಸ್‌ಡಿಗಳು ವರ್ಷಗಟ್ಟಲೆ ಕರೆಂಟ್ ಕಾಣದಿದ್ದರೆ ಡೇಟಾ ಮರೆಯಬಹುದು. ಇದಕ್ಕೆ ಹಾರ್ಡ್ ಡಿಸ್ಕೇ ಆಗಬೇಕು.

'ಸಕ್ಸಸ್' ಸಾಲದು. ಹೇಳಿದ ಫೋಲ್ಡರನ್ನು ಕಾಪಿ ಮಾಡಿದೆ ಎಂದಷ್ಟೇ ಅದು ಹೇಳುತ್ತದೆ. ಕಳೆದ ವರ್ಷ ಹೊಸದಾಗಿ ಸೇರಿಸಿದ ಡ್ರೈವ್ ಪಟ್ಟಿಯಲ್ಲೇ ಇಲ್ಲದಿದ್ದರೂ ದಿನಾ ಸಕ್ಸಸ್ಸೇ. ಮೂರು ತಿಂಗಳಿಗೊಮ್ಮೆ ರಿಸ್ಟೋರ್ ಮಾಡಿ ನೋಡಬೇಕು. 16 ಜಿಬಿ ರ್‍ಯಾಮ್ ಇರುವ ಬಿಡಿ ಕಂಪ್ಯೂಟರ್ ಒಂದನ್ನು ನೆಟ್‌ವರ್ಕಿನಿಂದ ಬಿಡಿಸಿ ಇಟ್ಟುಕೊಳ್ಳಿ. ಹಿಂದಿನ ಸಂಜೆ ಸರ್ವರ್‌ನಲ್ಲಿ ಕೊನೆಯ ಬಿಲ್ ಸಂಖ್ಯೆ, ಟ್ರಯಲ್ ಬ್ಯಾಲೆನ್ಸ್ ಮೊತ್ತ, ಗ್ರಾಹಕರ ಸಂಖ್ಯೆ ಬರೆದುಕೊಳ್ಳಿ. ಮರುದಿನ, ಆ ರಾತ್ರಿಯ ಪ್ರತಿಯಿಂದ ರಿಸ್ಟೋರ್ ಮಾಡಿ ಮೂರನ್ನೂ ತಾಳೆ ನೋಡಿ. ಡಿಸ್ಕ್ ಕೈಗೆತ್ತಿಕೊಂಡ ಹೊತ್ತಿನಿಂದ ಮೊದಲ ಬಿಲ್ ತೆರೆಯುವವರೆಗೆ ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡಿ ಬರೆಯಿರಿ. ಈ ಕೆಲಸ ಮಾಡುವವರು ಪ್ರತಿ ಸಲ ಒಬ್ಬರೇ ಆಗಿರಬಾರದು.

ಇಲ್ಲಿ ಮೊದಲ ಸಲ ತಪ್ಪಿಯೇ ತಪ್ಪುತ್ತದೆ, ತಪ್ಪಲಿ. ಬಿಡಿ ಯಂತ್ರದ ಎಸ್‌ಕ್ಯೂಎಲ್ ಹಳೆಯ ಆವೃತ್ತಿಯದಾದರೆ ಹೊಸ ಆವೃತ್ತಿಯ ಬ್ಯಾಕಪ್ ಅದರಲ್ಲಿ ತೆರೆಯದು. ಬ್ಯಾಕಪ್‌ಗೆ ಹಾಕಿದ ಪಾಸ್‌ವರ್ಡ್ ಕೆಲಸ ಬಿಟ್ಟುಹೋದವರಿಗೆ ಮಾತ್ರ ಗೊತ್ತಿರುತ್ತದೆ. ಟ್ಯಾಲಿ ಲೈಸೆನ್ಸ್ ಇಲ್ಲದೆ ಎಜುಕೇಷನಲ್ ಮೋಡ್‌ನಲ್ಲಿ ತೆರೆದು, ತಿಂಗಳ 1, 2, 31ನೇ ತಾರೀಖಿಗೆ ಮಾತ್ರ ವೋಚರ್ ಹಾಕಲು ಬಿಡುತ್ತದೆ. ನಿಜವಾದ ಅವಘಡದ ದಿನ ಲೈಸೆನ್ಸ್ ಹೇಗೆ ವರ್ಗಾಯಿಸಬೇಕೆಂದು ಈಗಲೇ ಕೇಳಿ ಬರೆದಿಡಿ. ಎಸ್‌ಕ್ಯೂಎಲ್ ರಿಸ್ಟೋರ್ ಆದ ಮೇಲೆ ಡೇಟಾಬೇಸ್ ಕೆಟ್ಟಿಲ್ಲವೇ ಎಂದು ನೋಡುವ ಚೆಕ್‌ಡಿಬಿ ಆಜ್ಞೆ ಓಡಿಸಿ, ತಪ್ಪು ಶೂನ್ಯ ಎಂದು ಬರಬೇಕು. ಎಲ್ಲ ಮುಗಿದ ಮೇಲೆ ಆ ಬಿಡಿ ಕಂಪ್ಯೂಟರಿನ ಡಿಸ್ಕನ್ನು ಪೂರ್ತಿ ಅಳಿಸಿ. ನಿಮ್ಮ ಗ್ರಾಹಕರ ಸಾಲ, ಫೋನ್ ನಂಬರ್, ಬ್ಯಾಂಕ್ ವಿವರ ಎಲ್ಲ ಅದರಲ್ಲೂ ಈಗ ಇರುತ್ತದೆ.